ಎ. ಎಸ್. ನೀಲ್

ಅಲೆಕ್ಸಾಂಡರ್ ಸದರ್ಲೆಂಡ್ ನೀಲ್ (17 ಅಕ್ಟೋಬರ್ 1883 – 23 ಸೆಪ್ಟೆಂಬರ್ 1973) ಸ್ಕಾಟ್ಲೆಂಡಿನ ಶಿಕ್ಷಣತಜ್ಞ ಮತ್ತು ಲೇಖಕ. ಎ. ಎಸ್. ನೀಲ್ ಎಂಬ ಹೆಸರಿನಿಂದ ಪ್ರಸಿದ್ಧರಾದ ಇವರು ಇಂಗ್ಲೆಂಡಿನ ಸಮ್ಮರ್‌ಹಿಲ್ ಶಾಲೆಯ ಸಂಸ್ಥಾಪಕರು. ಈ ವಸತಿ ಶಾಲೆಯಲ್ಲಿ ದೈನಂದಿನ ಜೀವನಕ್ಕೆ ಸಂಬಂಧಿಸಿದ ನಿಯಮಗಳನ್ನು ವಿದ್ಯಾರ್ಥಿಗಳು ಮತ್ತು ಶಿಕ್ಷಕರು ಒಟ್ಟಾಗಿ ಸಭೆ ಸೇರಿ, ಬಹುಮತದಿಂದ ನಿರ್ಧರಿಸುತ್ತಾರೆ. ಸಭೆಯಲ್ಲಿ ಚಿಕ್ಕ ಮಗುವಿಗೂ ಮುಖ್ಯೋಪಾಧ್ಯಾಯರಿಗೂ ತಲಾ ಒಂದೇ ಮತ. ತರಗತಿಗಳಿಗೆ ಹಾಜರಾಗುವುದು ವಿದ್ಯಾರ್ಥಿಗಳ ಇಚ್ಛೆಗೆ ಬಿಟ್ಟ ವಿಷಯ. ಶಾಲೆಯ ಆಡಳಿತದಲ್ಲಿ ಮಕ್ಕಳಿಗೆ ನಿಜವಾದ ಅಧಿಕಾರ ನೀಡಿದ ಪ್ರಯೋಗಗಳಲ್ಲಿ ಸಮ್ಮರ್‌ಹಿಲ್ ಅತ್ಯಂತ ದೀರ್ಘಕಾಲ ನಡೆದುಬಂದವುಗಳಲ್ಲಿ ಒಂದಾಗಿದೆ. 1960ರಲ್ಲಿ ಅಮೆರಿಕದಲ್ಲಿ ಪ್ರಕಟವಾದ 'ಸಮ್ಮರ್‌ಹಿಲ್' ಎಂಬ ಗ್ರಂಥದಿಂದ ನೀಲ್ ಅವರ ವಿಚಾರಗಳು ಜಗತ್ತಿನಾದ್ಯಂತ ಪ್ರಚಾರ ಪಡೆದವು.

ಜನನ ಮತ್ತು ಬಾಲ್ಯ

ನೀಲ್ ಅವರು ಸ್ಕಾಟ್ಲೆಂಡಿನ ಫಾರ್ಫರ್ ಪಟ್ಟಣದಲ್ಲಿ ಜನಿಸಿದರು. ತಂದೆ ಜಾರ್ಜ್ ನೀಲ್, ತಾಯಿ ಮೇರಿ ಸದರ್ಲೆಂಡ್. ತಂದೆ ಫಾರ್ಫರ್ ಸಮೀಪದ ಕಿಂಗ್ಸ್‌ಮ್ಯೂರ್ ಗ್ರಾಮದ ಶಾಲೆಯಲ್ಲಿ ಉಪಾಧ್ಯಾಯರಾಗಿದ್ದರು. ನೀಲ್ ಅವರ ಪ್ರಾಥಮಿಕ ವಿದ್ಯಾಭ್ಯಾಸವೂ ಅದೇ ಶಾಲೆಯಲ್ಲಿ ನಡೆಯಿತು. ಆ ಕಾಲದ ಸ್ಕಾಟ್ಲೆಂಡಿನ ಶಾಲೆಗಳಲ್ಲಿ ತಪ್ಪು ಮಾಡಿದ ಮಕ್ಕಳ ಅಂಗೈಗೆ ಚರ್ಮದ ಪಟ್ಟಿಯಿಂದ ಹೊಡೆಯುವುದು ಸಾಮಾನ್ಯ ಪದ್ಧತಿಯಾಗಿತ್ತು. ಉಪಾಧ್ಯಾಯರ ಮಗನೆಂಬ ಕಾರಣಕ್ಕೆ ನೀಲ್ ಅವರಿಗೆ ಈ ಶಿಕ್ಷೆಯಿಂದ ವಿನಾಯಿತಿ ಇರಲಿಲ್ಲ. ಮನೆಯಲ್ಲಿ ಕಟ್ಟುನಿಟ್ಟಾದ ಕ್ಯಾಲ್ವಿನ್ ಪಂಥದ ವಾತಾವರಣವಿತ್ತು. ಪಾಪ ಮತ್ತು ನರಕದ ಭಯ ತಮ್ಮ ಬಾಲ್ಯವನ್ನು ಆವರಿಸಿತ್ತೆಂದು ಅವರು ಮುಂದೆ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ.

ನೀಲ್ ಅವರು ಓದಿನಲ್ಲಿ ಹಿಂದುಳಿದಿದ್ದರು. ಸಹೋದರರಂತೆ ಅವರನ್ನು ಫಾರ್ಫರಿನ ಪ್ರೌಢಶಾಲೆಗೆ ಕಳುಹಿಸಲಿಲ್ಲ. ಹದಿನಾಲ್ಕನೆಯ ವಯಸ್ಸಿನಲ್ಲಿ ಎಡಿನ್‌ಬರೋದ ಅನಿಲ ಮೀಟರ್ ಕಾರ್ಖಾನೆಯೊಂದಕ್ಕೆ ಗುಮಾಸ್ತರಾಗಿ ಹೋದರು. ಮನೆಯ ನೆನಪಿನಿಂದ ಅಲ್ಲಿ ನಿಲ್ಲಲಾಗದೆ ಕೆಲವು ತಿಂಗಳುಗಳಲ್ಲಿ ಹಿಂದಿರುಗಿದರು. ಬಟ್ಟೆ ಅಂಗಡಿಯಲ್ಲಿ ಮಾಡಿದ ಕೆಲಸವೂ ಕೈಹಿಡಿಯಲಿಲ್ಲ. ಕೊನೆಗೆ 1899ರಲ್ಲಿ ತಂದೆಯ ಶಾಲೆಯಲ್ಲಿಯೇ ತರಬೇತಿ ಶಿಕ್ಷಕರಾಗಿ ಸೇರಿದರು. ಹೀಗೆ ಅವರು ಶಿಕ್ಷಕ ವೃತ್ತಿಗೆ ಬಂದದ್ದು ಆಸಕ್ತಿಯಿಂದಲ್ಲ, ಬೇರೆ ದಾರಿ ಇಲ್ಲದ್ದರಿಂದ.

ಶಿಕ್ಷಕ ವೃತ್ತಿಯ ಆರಂಭ

ನಾಲ್ಕು ವರ್ಷಗಳ ತರಬೇತಿಯ ನಂತರ ನೀಲ್ ಅವರು ಹಲವು ಶಾಲೆಗಳಲ್ಲಿ ಸಹಶಿಕ್ಷಕರಾಗಿ ದುಡಿದರು. ಫೈಫ್ ಪ್ರಾಂತ್ಯದ ಕಿಂಗ್ಸ್‌ಕೆಟಲ್‌ನಲ್ಲಿದ್ದ ಶಾಲೆಯ ಶಿಸ್ತು ಅತ್ಯಂತ ಕಠಿಣವಾಗಿತ್ತು. ಮಕ್ಕಳು ಪಿಸುಮಾತು ಆಡಿದರೂ ಶಿಕ್ಷೆ ತಪ್ಪುತ್ತಿರಲಿಲ್ಲ. ಅಲ್ಲಿ ನೀಲ್ ಅವರೂ ಚರ್ಮದ ಪಟ್ಟಿಯನ್ನು ಬಳಸಿ ಮಕ್ಕಳನ್ನು ದಂಡಿಸಿದರು. ಈ ಅನುಭವವನ್ನು ಅವರು ಮುಂದೆ ಎಂದೂ ಮರೆಮಾಚಲಿಲ್ಲ. ಶಿಕ್ಷಕನ ಭಯ ಮಕ್ಕಳಲ್ಲಿ ಸುಳ್ಳು ಮತ್ತು ಕಪಟವನ್ನು ಬೆಳೆಸುತ್ತದೆ ಎಂಬ ಅವರ ನಿಲುವಿಗೆ ಶಿಕ್ಷೆ ಪಡೆದ ಬಾಲ್ಯ, ಶಿಕ್ಷೆ ಕೊಟ್ಟ ಯೌವನ ಎರಡೂ ಆಧಾರವಾಗಿದ್ದವು.

1908ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯವನ್ನು ಸೇರಿದ ನೀಲ್, ಮೊದಲು ಕೃಷಿ ವಿಜ್ಞಾನವನ್ನು ಆರಿಸಿಕೊಂಡು ಬಳಿಕ ಇಂಗ್ಲಿಷ್ ಸಾಹಿತ್ಯಕ್ಕೆ ಬದಲಾಯಿಸಿಕೊಂಡರು. ವಿದ್ಯಾರ್ಥಿಗಳ ಪತ್ರಿಕೆಯ ಸಂಪಾದಕರಾಗಿದ್ದರು. 1912ರಲ್ಲಿ ಎಂ.ಎ. ಪದವಿ ಪಡೆದು ಕೆಲಕಾಲ ಪ್ರಕಾಶನ ಮತ್ತು ಪತ್ರಿಕಾ ಕ್ಷೇತ್ರದಲ್ಲಿ ಕೆಲಸ ಮಾಡಿದರು. 1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾದಾಗ ಆ ಕೆಲಸ ಕೊನೆಗೊಂಡಿತು.

ಅದೇ ವರ್ಷ ಗ್ರೆಟ್ನಾ ಗ್ರೀನ್ ಗ್ರಾಮದ ಶಾಲೆಯ ಮುಖ್ಯೋಪಾಧ್ಯಾಯರು ಸೈನ್ಯಕ್ಕೆ ಸೇರಿದ್ದರಿಂದ ನೀಲ್ ಅವರಿಗೆ ತಾತ್ಕಾಲಿಕವಾಗಿ ಆ ಹುದ್ದೆ ದೊರೆಯಿತು. ಇಲ್ಲಿ ಅವರು ಶಿಸ್ತನ್ನು ಸಡಿಲಿಸಿ, ಮಕ್ಕಳೊಂದಿಗೆ ಸ್ನೇಹದಿಂದ ವರ್ತಿಸುವ ಕ್ರಮವನ್ನು ಪರೀಕ್ಷಿಸಿದರು. ಆ ದಿನಗಳ ಟಿಪ್ಪಣಿಗಳನ್ನು ಆಧರಿಸಿದ 'ಎ ಡಾಮಿನೀಸ್ ಲಾಗ್' 1915ರಲ್ಲಿ ಪ್ರಕಟವಾಯಿತು. ಡಾಮಿನಿ ಎಂದರೆ ಸ್ಕಾಟ್ಲೆಂಡಿನ ಆಡುಮಾತಿನಲ್ಲಿ ಶಾಲೆಯ ಮೇಷ್ಟ್ರು. ಅಧಿಕೃತ ದಾಖಲೆ ಪುಸ್ತಕದಲ್ಲಿ ಬರೆಯಲಾಗದ ಸಂದೇಹಗಳನ್ನು ಈ ಪುಸ್ತಕದಲ್ಲಿ ದಾಖಲಿಸಲಾಗಿದೆ. ಓದುಗರು ಇದನ್ನು ಮೆಚ್ಚಿಕೊಂಡದ್ದರಿಂದ ನೀಲ್ ಅವರಿಗೆ ಲೇಖಕರೆಂಬ ಹೆಸರು ಬಂದಿತು.

ಹೋಮರ್ ಲೇನ್ ಅವರ ಪ್ರಭಾವ

1917ರಲ್ಲಿ ನೀಲ್ ಅವರು ಸೈನ್ಯಕ್ಕೆ ಸೇರಿದರು. ಆದರೆ ಅನಾರೋಗ್ಯದಿಂದಾಗಿ ಯುದ್ಧಭೂಮಿಗೆ ಹೋಗಲಿಲ್ಲ. ಈ ಅವಧಿಯಲ್ಲಿ ಇಂಗ್ಲೆಂಡಿನ ಡಾರ್ಸೆಟ್‌ನಲ್ಲಿದ್ದ 'ಲಿಟಲ್ ಕಾಮನ್‌ವೆಲ್ತ್' ಎಂಬ ಸಂಸ್ಥೆಗೆ ಭೇಟಿ ನೀಡಿದರು. ಅಮೆರಿಕದ ಹೋಮರ್ ಲೇನ್ ಅವರ ನೇತೃತ್ವದಲ್ಲಿ 1913ರಲ್ಲಿ ಆರಂಭವಾದ ಈ ಸಂಸ್ಥೆಯಲ್ಲಿ ಅಪರಾಧ ಎಸಗಿದ ಹುಡುಗ ಹುಡುಗಿಯರು ವಾಸಿಸುತ್ತಿದ್ದರು. ತಮ್ಮ ನಿಯಮಗಳನ್ನು ತಾವೇ ರೂಪಿಸಿಕೊಂಡು, ನಿಯಮ ಮೀರಿದವರನ್ನು ತಾವೇ ವಿಚಾರಿಸುತ್ತಿದ್ದರು. ಸಮಾಜವು ದಾರಿತಪ್ಪಿದವರೆಂದು ದೂರವಿಟ್ಟ ಮಕ್ಕಳು ನ್ಯಾಯಯುತವಾಗಿ ಸಭೆ ನಡೆಸುವುದನ್ನು ಕಂಡದ್ದು ನೀಲ್ ಅವರ ಜೀವನದ ತಿರುವಾಯಿತು. ಸ್ವಯಂ ಆಡಳಿತದ ಕಲ್ಪನೆಯನ್ನು ತಾವು ಲೇನ್ ಅವರಿಂದ ಪಡೆದುದಾಗಿ ಅವರು ಕೊನೆಯವರೆಗೂ ಹೇಳುತ್ತಿದ್ದರು.

ಸೈನ್ಯದಿಂದ ಬಿಡುಗಡೆಯಾದ ಮೇಲೆ ಲೇನ್ ಅವರೊಂದಿಗೆ ಕೆಲಸ ಮಾಡಬೇಕೆಂಬುದು ನೀಲ್ ಅವರ ಆಸೆಯಾಗಿತ್ತು. ಆದರೆ ಲೇನ್ ಅವರ ಮೇಲೆ ಬಂದ ಆರೋಪಗಳು ಮತ್ತು ಸರ್ಕಾರದ ವಿಚಾರಣೆಯ ನಂತರ 1918ರಲ್ಲಿ ಆ ಸಂಸ್ಥೆ ಮುಚ್ಚಿಹೋಯಿತು. ನೀಲ್ ಅವರು ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನಲ್ಲಿದ್ದ ಕಿಂಗ್ ಆಲ್‌ಫ್ರೆಡ್ ಶಾಲೆಯನ್ನು ಸೇರಿದರು. ಅದು ಪ್ರಗತಿಪರ ಶಾಲೆಯೆಂದು ಹೆಸರಾಗಿತ್ತು. ಅಲ್ಲಿ ವಿದ್ಯಾರ್ಥಿಗಳ ಸ್ವಯಂ ಆಡಳಿತವನ್ನು ಜಾರಿಗೆ ತರಲು ಅವರು ಪ್ರಯತ್ನಿಸಿದರು. ಉಳಿದ ಶಿಕ್ಷಕರ ಅಧಿಕಾರ ಮೊದಲಿನಂತೆಯೇ ಇದ್ದುದರಿಂದ ಮಕ್ಕಳು ಸ್ವಾತಂತ್ರ್ಯ ದೊರೆತ ಗಂಟೆಗಳನ್ನು ಗದ್ದಲಕ್ಕೆ ಬಳಸಿಕೊಂಡರು. ಸಹೋದ್ಯೋಗಿಗಳು ಆಕ್ಷೇಪಿಸಿದರು. ನೀಲ್ ಅವರು ಶಾಲೆಯನ್ನು ಬಿಡಬೇಕಾಯಿತು. ವೇಳಾಪಟ್ಟಿಯ ಒಂದೆರಡು ಗಂಟೆಗಳಿಗೆ ಸೀಮಿತವಾದ ಪ್ರಜಾಪ್ರಭುತ್ವ ಶಾಲೆಯಲ್ಲಿ ಫಲಿಸದು ಎಂಬುದು ಈ ಸೋಲಿನಿಂದ ಅವರು ಕಲಿತ ಪಾಠ. ನಂತರ ಕೆಲಕಾಲ ಬಿಯಾಟ್ರಿಸ್ ಎನ್ಸರ್ ಅವರೊಡನೆ 'ನ್ಯೂ ಎರಾ' ಎಂಬ ಶೈಕ್ಷಣಿಕ ಪತ್ರಿಕೆಯನ್ನು ಸಂಪಾದಿಸಿದರು.

ಸಮ್ಮರ್‌ಹಿಲ್ ಶಾಲೆಯ ಸ್ಥಾಪನೆ

1921ರಲ್ಲಿ ನೀಲ್ ಅವರು ಜರ್ಮನಿಯ ಡ್ರೆಸ್ಡೆನ್ ಸಮೀಪದ ಹೆಲ್ಲರಾವ್‌ನಲ್ಲಿ ಅಂತಾರಾಷ್ಟ್ರೀಯ ಶಾಲೆಯೊಂದರ ಸ್ಥಾಪನೆಯಲ್ಲಿ ಪಾಲ್ಗೊಂಡು, ಅದರ ವಿದೇಶಿ ವಿಭಾಗವನ್ನು ನಡೆಸಿದರು. ಸಮ್ಮರ್‌ಹಿಲ್‌ನ ಇತಿಹಾಸವನ್ನು ಈ ವರ್ಷದಿಂದಲೇ ಗಣಿಸಲಾಗುತ್ತದೆ. 1923ರಲ್ಲಿ ಸ್ಯಾಕ್ಸನಿ ಪ್ರಾಂತ್ಯದಲ್ಲಿ ರಾಜಕೀಯ ಅಶಾಂತಿ ಉಂಟಾದಾಗ ಶಾಲೆಯನ್ನು ಆಸ್ಟ್ರಿಯದ ಜೊಂಟಾಗ್‌ಬರ್ಗ್ ಬೆಟ್ಟಕ್ಕೆ ಸ್ಥಳಾಂತರಿಸಿದರು. ಅಲ್ಲಿನ ಜನರು ಮತ್ತು ಅಧಿಕಾರಿಗಳ ವಿರೋಧದಿಂದ ಹೆಚ್ಚು ಕಾಲ ನಿಲ್ಲಲಾಗಲಿಲ್ಲ. 1924ರಲ್ಲಿ ನೀಲ್ ಅವರು ಬೆರಳೆಣಿಕೆಯ ಮಕ್ಕಳೊಂದಿಗೆ ಇಂಗ್ಲೆಂಡಿಗೆ ಮರಳಿ, ಡಾರ್ಸೆಟ್‌ನ ಲೈಮ್ ರೀಜಿಸ್ ಪಟ್ಟಣದಲ್ಲಿ ಮನೆಯೊಂದನ್ನು ಬಾಡಿಗೆಗೆ ಪಡೆದರು. ಆ ಮನೆಯ ಹೆಸರು ಸಮ್ಮರ್‌ಹಿಲ್. ಶಾಲೆಗೂ ಅದೇ ಹೆಸರಾಯಿತು. 1927ರಲ್ಲಿ ಸಫೋಕ್ ಪ್ರಾಂತ್ಯದ ಲೇಸ್ಟನ್ ಪಟ್ಟಣಕ್ಕೆ ಸ್ಥಳಾಂತರಗೊಂಡ ಶಾಲೆ ಅದೇ ಹೆಸರನ್ನು ಉಳಿಸಿಕೊಂಡಿತು.

ಹೆಲ್ಲರಾವ್‌ನಿಂದಲೂ ಜೊತೆಗಿದ್ದ ಆಸ್ಟ್ರೇಲಿಯದ ಲಿಲಿಯನ್ ನಾಯ್‌ಸ್ಟಾಟರ್ ಅವರನ್ನು ನೀಲ್ 1927ರಲ್ಲಿ ವಿವಾಹವಾದರು. ಶಾಲೆಯ ವಸತಿ, ಊಟ ಮತ್ತು ಹಣಕಾಸಿನ ಹೊಣೆಯನ್ನು ಹೊತ್ತವರು ಅವರೇ. ಎರಡನೆಯ ಮಹಾಯುದ್ಧದ ಸಮಯದಲ್ಲಿ, 1940ರಲ್ಲಿ, ಶಾಲೆಯನ್ನು ವೇಲ್ಸ್‌ನ ಫೆಸ್ಟಿನಿಯೋಗ್‌ಗೆ ಸಾಗಿಸಬೇಕಾಯಿತು. 1944ರಲ್ಲಿ ಲಿಲಿಯನ್ ನಿಧನರಾದರು. ಯುದ್ಧಾನಂತರ ಶಾಲೆ ಲೇಸ್ಟನ್‌ಗೆ ಮರಳಿತು. 1945ರಲ್ಲಿ ನೀಲ್ ಅವರು ಶಾಲೆಯಲ್ಲಿ ಕೆಲಸ ಮಾಡುತ್ತಿದ್ದ ಈನಾ ವುಡ್ ಅವರನ್ನು ವಿವಾಹವಾದರು. 1946ರಲ್ಲಿ ಮಗಳು ಜೋಯಿ ಜನಿಸಿದರು.

ಶಾಲಾ ಸಭೆ

ಸಮ್ಮರ್‌ಹಿಲ್‌ನ ಆಡಳಿತದ ಕೇಂದ್ರ ಶಾಲಾ ಸಭೆ. ನೀಲ್ ಅವರ ಕಾಲದಲ್ಲಿ ಇದು ಶನಿವಾರ ಸಂಜೆ ಸೇರುತ್ತಿತ್ತು. ಒಂದು ಸಭೆಯ ಅಧ್ಯಕ್ಷರು ಮುಂದಿನ ಸಭೆಯ ಅಧ್ಯಕ್ಷರನ್ನು ನೇಮಿಸುತ್ತಿದ್ದರು. ಬಹುತೇಕ ಈ ಸ್ಥಾನ ವಿದ್ಯಾರ್ಥಿಗಳದ್ದೇ ಆಗಿರುತ್ತಿತ್ತು. ಮಲಗುವ ಸಮಯ, ಸೈಕಲ್ ಬಳಕೆ, ಗದ್ದಲ, ಇತರರ ವಸ್ತುಗಳನ್ನು ಕೇಳದೆ ತೆಗೆದುಕೊಳ್ಳುವುದು, ದೊಡ್ಡವರು ಚಿಕ್ಕವರನ್ನು ಪೀಡಿಸುವುದು ಮುಂತಾದ ವಿಷಯಗಳು ಚರ್ಚೆಗೆ ಬರುತ್ತಿದ್ದವು. ಯಾರು ಬೇಕಾದರೂ ನಿಯಮವನ್ನು ಸೂಚಿಸಬಹುದಾಗಿತ್ತು, ಇರುವ ನಿಯಮವನ್ನು ರದ್ದುಪಡಿಸಲು ಕೋರಬಹುದಾಗಿತ್ತು. ನಿರ್ಧಾರ ಕೈ ಎತ್ತುವ ಮೂಲಕ ಬಹುಮತದಿಂದ ಆಗುತ್ತಿತ್ತು.

ನಿಯಮ ಮೀರಿದವರ ಮೇಲಿನ ದೂರುಗಳನ್ನೂ ಮಕ್ಕಳೇ ವಿಚಾರಿಸುತ್ತಿದ್ದರು. ಶಿಕ್ಷೆ ಹೆಚ್ಚಾಗಿ ದಂಡದ ರೂಪದಲ್ಲಿರುತ್ತಿತ್ತು: ಕೈಖರ್ಚಿನ ಹಣದಲ್ಲಿ ಒಂದು ಭಾಗ, ಊಟದ ಸಿಹಿ ತಿನಿಸು, ಇಲ್ಲವೇ ಒಂದು ಸಿನಿಮಾ ಕಳೆದುಕೊಳ್ಳುವುದು. ಹೊಡೆತಕ್ಕೆ ಅವಕಾಶವಿರಲಿಲ್ಲ. ಶಿಕ್ಷೆ ಅನ್ಯಾಯವೆಂದು ಅನಿಸಿದರೆ ಮೇಲ್ಮನವಿ ಸಲ್ಲಿಸಬಹುದಾಗಿತ್ತು. ತಮ್ಮ ಸಹಪಾಠಿಗಳ ತೀರ್ಪನ್ನು ಮಕ್ಕಳು ಸಾಮಾನ್ಯವಾಗಿ ಒಪ್ಪಿಕೊಳ್ಳುತ್ತಾರೆ, ಅದೇ ತೀರ್ಪನ್ನು ದೊಡ್ಡವರು ಕೊಟ್ಟರೆ ಪ್ರತಿಭಟಿಸುತ್ತಾರೆ ಎಂಬುದನ್ನು ನೀಲ್ ಗಮನಿಸಿದ್ದರು.

ಸಭೆಯಲ್ಲಿ ನೀಲ್ ಅವರ ಸಲಹೆಗಳು ಅನೇಕ ಬಾರಿ ಸೋತವು. ಇದಕ್ಕೆ ಅವರೇ ದಾಖಲಿಸಿದ ಧೂಮಪಾನದ ಪ್ರಸಂಗ ಉತ್ತಮ ಉದಾಹರಣೆ. ಹದಿನಾರು ವರ್ಷದೊಳಗಿನವರು ಧೂಮಪಾನ ಮಾಡಬಾರದೆಂಬ ನಿಯಮವನ್ನು ನೀಲ್ ಒಮ್ಮೆ ಸೂಚಿಸಿದರು. ಅದು ವಿಷಕಾರಿ, ಮಕ್ಕಳು ಅದನ್ನು ಬಯಸುವುದು ದೊಡ್ಡವರಂತೆ ಕಾಣಿಸಿಕೊಳ್ಳಲು ಮಾತ್ರ ಎಂದು ವಾದಿಸಿದರು. ಸಭೆ ಭಾರಿ ಬಹುಮತದಿಂದ ಅದನ್ನು ತಿರಸ್ಕರಿಸಿತು. ಆಮೇಲೆ ಹದಿನಾರು ವರ್ಷದ ಹುಡುಗನೊಬ್ಬ ಹನ್ನೆರಡರೊಳಗಿನವರಿಗೆ ಮಾತ್ರ ನಿಷೇಧವಿರಲಿ ಎಂದು ಸೂಚಿಸಿದಾಗ ಅದು ಅಂಗೀಕಾರವಾಯಿತು. ಮುಂದಿನ ವಾರ ಹನ್ನೆರಡು ವರ್ಷದ ಹುಡುಗನೊಬ್ಬ, ಈ ನಿಯಮದಿಂದ ಮಕ್ಕಳು ಶೌಚಾಲಯದಲ್ಲಿ ಅಡಗಿ ಸೇದುತ್ತಿದ್ದಾರೆ, ಕಟ್ಟುನಿಟ್ಟಿನ ಶಾಲೆಗಳಲ್ಲಿ ನಡೆಯುವುದೂ ಇದೇ ಎಂದು ವಾದಿಸಿದ. ಸಭೆ ನಿಯಮವನ್ನು ರದ್ದುಪಡಿಸಿತು. ನೀಲ್ ಅವರಿಗೆ ಫಲಿತಾಂಶ ಇಷ್ಟವಾಗದಿದ್ದರೂ ಅವರು ಅದಕ್ಕೆ ಬದ್ಧರಾದರು. ಮುಖ್ಯೋಪಾಧ್ಯಾಯರು ಒಪ್ಪಿದ ನಿರ್ಧಾರಗಳನ್ನಷ್ಟೇ ಜಾರಿಗೊಳಿಸುವ ಸಭೆ ಕೇವಲ ತೋರಿಕೆಯದು ಎಂಬುದು ಅವರ ದೃಢ ನಂಬಿಕೆಯಾಗಿತ್ತು.

ಅಧಿಕಾರದ ಮಿತಿಗಳು

ಶಾಲೆಯ ಎಲ್ಲ ವಿಷಯಗಳೂ ಸಭೆಯ ಅಧೀನದಲ್ಲಿರಲಿಲ್ಲ. ಶಿಕ್ಷಕರ ನೇಮಕ ಮತ್ತು ವಜಾ, ಶುಲ್ಕ ಮತ್ತು ಲೆಕ್ಕಪತ್ರ, ಮಲಗುವ ಕೋಣೆಗಳ ಹಂಚಿಕೆ, ಊಟದ ಪಟ್ಟಿ ಇವು ನೀಲ್ ದಂಪತಿಗಳ ಹೊಣೆಯಾಗಿದ್ದವು. ಮಕ್ಕಳ ಸುರಕ್ಷತೆ ಮತ್ತು ಆರೋಗ್ಯದ ವಿಷಯದಲ್ಲಿಯೂ ಹಿರಿಯರ ಮಾತೇ ಅಂತಿಮವಾಗಿತ್ತು. ಈ ಮಿತಿಗಳನ್ನು ನೀಲ್ ತಮ್ಮ ಬರಹಗಳಲ್ಲಿ ಸ್ಪಷ್ಟವಾಗಿ ಹೇಳಿದ್ದಾರೆ. ಸಭೆಗೆ ಸೇರದ ವಿಷಯವನ್ನು ಸೇರಿದ್ದೆಂದು ನಟಿಸುವುದಕ್ಕಿಂತ, ಮಕ್ಕಳಿಗೆ ಯಾವುದು ತಮ್ಮ ವ್ಯಾಪ್ತಿಯದು ಎಂಬುದು ಮೊದಲೇ ತಿಳಿದಿರುವುದು ಮೇಲೆಂದು ಅವರು ಭಾವಿಸಿದ್ದರು.

ಸ್ವಾತಂತ್ರ್ಯವನ್ನು ಅವರು ಸ್ವೇಚ್ಛೆಯಿಂದ ಬೇರ್ಪಡಿಸಿದರು. ಒಂದು ಮಗು ಗಣಿತದ ತರಗತಿಗೆ ಹೋಗದಿರುವುದು ಆ ಮಗುವಿಗೆ ಮಾತ್ರ ಸಂಬಂಧಿಸಿದ ವಿಷಯ, ಆದ್ದರಿಂದ ಅದು ಸ್ವಾತಂತ್ರ್ಯ. ಉಳಿದವರು ಮಲಗಿರುವಾಗ ಕಹಳೆ ಊದುವುದು ಇತರರ ಹಕ್ಕಿಗೆ ಧಕ್ಕೆ ತರುತ್ತದೆ, ಆದ್ದರಿಂದ ಅದು ಸ್ವೇಚ್ಛೆ. ಮೊದಲನೆಯದು ವ್ಯಕ್ತಿಗೆ ಬಿಟ್ಟದ್ದು, ಎರಡನೆಯದು ಸಭೆಗೆ ಸೇರಿದ್ದು. ಅಮೆರಿಕದ ಕೆಲವು ಪೋಷಕರು ತಮ್ಮ ಪುಸ್ತಕವನ್ನು ಓದಿ ಮಕ್ಕಳಿಗೆ ಯಾವ ಕಡಿವಾಣವೂ ಬೇಡವೆಂದು ತಿಳಿದದ್ದರಿಂದ, ಈ ವ್ಯತ್ಯಾಸವನ್ನು ವಿವರಿಸಲು 1966ರಲ್ಲಿ ಪ್ರತ್ಯೇಕ ಗ್ರಂಥವನ್ನೇ ಪ್ರಕಟಿಸಿದರು.

ಸಭೆ ಯಾವಾಗಲೂ ಸಮರ್ಪಕವಾಗಿ ನಡೆಯುತ್ತಿರಲಿಲ್ಲ. ಶಾಲೆಯ ಪದ್ಧತಿಯಲ್ಲಿ ಬೆಳೆದ ಹಿರಿಯ ವಿದ್ಯಾರ್ಥಿಗಳು ಕಡಿಮೆಯಾಗಿ, ಹೊಸದಾಗಿ ಬಂದ ಚಿಕ್ಕ ಮಕ್ಕಳು ಹೆಚ್ಚಾದ ವರ್ಷಗಳಲ್ಲಿ ನಿಯಮಗಳು ಸಡಿಲಗೊಳ್ಳುತ್ತಿದ್ದವು. ಸ್ವಯಂ ಆಡಳಿತವು ಒಂದು ತಲೆಮಾರು ಮತ್ತೊಂದಕ್ಕೆ ಬಳಕೆಯಿಂದ ಕಲಿಸಬೇಕಾದ ಅಭ್ಯಾಸ ಎಂಬುದನ್ನು ನೀಲ್ ಒಪ್ಪಿಕೊಂಡಿದ್ದರು.

ಮನೋವಿಶ್ಲೇಷಣೆ ಮತ್ತು ಇತರ ವಿಚಾರಗಳು

ನೀಲ್ ಅವರ ಮೇಲೆ ಮನೋವಿಶ್ಲೇಷಣೆಯ ಪ್ರಭಾವ ಗಾಢವಾಗಿತ್ತು. ಆರಂಭದ ವರ್ಷಗಳಲ್ಲಿ ಇತರ ಶಾಲೆಗಳಿಂದ ಹೊರಹಾಕಲ್ಪಟ್ಟ ಮಕ್ಕಳು ಸಮ್ಮರ್‌ಹಿಲ್‌ಗೆ ಹೆಚ್ಚಾಗಿ ಬರುತ್ತಿದ್ದರು. ಅವರೊಂದಿಗೆ ನೀಲ್ ಖಾಸಗಿ ಪಾಠ ಎಂಬ ಹೆಸರಿನಲ್ಲಿ ಪ್ರತ್ಯೇಕ ಮಾತುಕತೆ ನಡೆಸುತ್ತಿದ್ದರು. ಕಾಲಕ್ರಮೇಣ, ಈ ಮಾತುಕತೆಗೆ ಬರಲು ನಿರಾಕರಿಸಿದ ಮಕ್ಕಳೂ ಅಷ್ಟೇ ಚೆನ್ನಾಗಿ ಸುಧಾರಿಸಿದ್ದನ್ನು ಅವರು ಗಮನಿಸಿದರು. ಮಕ್ಕಳನ್ನು ಬದಲಾಯಿಸಿದ್ದು ತಮ್ಮ ಚಿಕಿತ್ಸೆಯಲ್ಲ, ಸ್ವಾತಂತ್ರ್ಯದ ವಾತಾವರಣ ಎಂಬ ತೀರ್ಮಾನಕ್ಕೆ ಬಂದು ಆ ಪದ್ಧತಿಯನ್ನು ಬಹುಮಟ್ಟಿಗೆ ಕೈಬಿಟ್ಟರು. ಮನೋವಿಶ್ಲೇಷಕ ವಿಲ್‌ಹೆಲ್ಮ್ ರೈಖ್ ಅವರೊಂದಿಗೆ 1937ರಲ್ಲಿ ಆರಂಭವಾದ ಅವರ ಸ್ನೇಹ, 1957ರಲ್ಲಿ ರೈಖ್ ನಿಧನರಾಗುವವರೆಗೂ ಮುಂದುವರಿಯಿತು.

ಪ್ರಸಿದ್ಧಿ ಮತ್ತು ಕೊನೆಯ ವರ್ಷಗಳು

1949ರಲ್ಲಿ ಸರ್ಕಾರದ ಶಾಲಾ ತನಿಖಾಧಿಕಾರಿಗಳು ಸಮ್ಮರ್‌ಹಿಲ್‌ಗೆ ಭೇಟಿ ನೀಡಿದರು. ಮಕ್ಕಳ ಸಹಜ ನಡವಳಿಕೆ, ಸ್ನೇಹಪರತೆ ಮತ್ತು ಆತ್ಮವಿಶ್ವಾಸವನ್ನು ವರದಿ ಮೆಚ್ಚಿತು. ಬೋಧನೆಯ ಮಟ್ಟ, ವಿಶೇಷವಾಗಿ ಕಿರಿಯ ಮಕ್ಕಳ ಬೋಧನೆ, ತೃಪ್ತಿಕರವಾಗಿಲ್ಲವೆಂದು ಟೀಕಿಸಿತು. ನೀಲ್ ಅವರು ಈ ವರದಿಯನ್ನು ಪೂರ್ಣವಾಗಿ ತಮ್ಮ ಪುಸ್ತಕದಲ್ಲಿ ಸೇರಿಸಿ, ಜೊತೆಗೆ ತಮ್ಮ ಪ್ರತಿಕ್ರಿಯೆಯನ್ನೂ ಪ್ರಕಟಿಸಿದರು.

1950ರ ದಶಕದ ಕೊನೆಯಲ್ಲಿ ವಿದ್ಯಾರ್ಥಿಗಳ ಸಂಖ್ಯೆ ಕುಸಿದು ಶಾಲೆ ಆರ್ಥಿಕ ಸಂಕಷ್ಟದಲ್ಲಿತ್ತು. 1960ರಲ್ಲಿ ನ್ಯೂಯಾರ್ಕಿನ ಪ್ರಕಾಶಕ ಹೆರಾಲ್ಡ್ ಹಾರ್ಟ್ ಅವರು ನೀಲ್ ಅವರ ಹಿಂದಿನ ಬರಹಗಳಿಂದ ಆಯ್ದು ಸಂಕಲಿಸಿದ 'ಸಮ್ಮರ್‌ಹಿಲ್' ಗ್ರಂಥವನ್ನು ಹೊರತಂದರು. ಮನೋವಿಜ್ಞಾನಿ ಎರಿಕ್ ಫ್ರಾಮ್ ಮುನ್ನುಡಿ ಬರೆದರು. ಹತ್ತು ವರ್ಷಗಳಲ್ಲಿ ಇದರ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಪ್ರತಿಗಳು ಮಾರಾಟವಾದವು. ಅಮೆರಿಕದಿಂದ ವಿದ್ಯಾರ್ಥಿಗಳೂ ಸಂದರ್ಶಕರೂ ಹರಿದುಬಂದು ಶಾಲೆ ಉಳಿಯಿತು. ಆತ್ಮಕಥೆ 'ನೀಲ್! ನೀಲ್! ಆರೆಂಜ್ ಪೀಲ್!' 1972ರಲ್ಲಿ ಪ್ರಕಟವಾಯಿತು. ಶಾಲೆಯ ಚಿಕ್ಕ ಮಕ್ಕಳು ಮುಖ್ಯೋಪಾಧ್ಯಾಯರನ್ನು ರೇಗಿಸಲು ಹೇಳುತ್ತಿದ್ದ ಪ್ರಾಸವೇ ಅದರ ಶೀರ್ಷಿಕೆ. ನ್ಯೂಕ್ಯಾಸಲ್, ಎಕ್ಸೆಟರ್ ಮತ್ತು ಎಸೆಕ್ಸ್ ವಿಶ್ವವಿದ್ಯಾಲಯಗಳು ಅವರಿಗೆ ಗೌರವ ಪದವಿಗಳನ್ನು ನೀಡಿದವು. ನೀಲ್ ಅವರು 1973ರ ಸೆಪ್ಟೆಂಬರ್ 23ರಂದು ಸಫೋಕ್‌ನ ಆಲ್ಡ್‌ಬರೋದಲ್ಲಿ ನಿಧನರಾದರು.

ಟೀಕೆಗಳು

ನೀಲ್ ಅವರ ವಿಚಾರಗಳು ತೀವ್ರ ಟೀಕೆಗೂ ಒಳಗಾದವು. ಕ್ಯಾಲಿಫೋರ್ನಿಯದ ಶಿಕ್ಷಣ ಇಲಾಖೆಯ ಮುಖ್ಯಸ್ಥರಾಗಿದ್ದ ಮ್ಯಾಕ್ಸ್ ರಾಫರ್ಟಿ ಅವರು ಸಮ್ಮರ್‌ಹಿಲ್ ಪದ್ಧತಿಯನ್ನು ಕಟುವಾಗಿ ಖಂಡಿಸಿದರು. ಕಲಿಯಲು ಮನಸ್ಸಾಗುವವರೆಗೆ ಕಾಯುವುದರಿಂದ ಕೆಲವು ಮಕ್ಕಳು ಅವಕಾಶಗಳನ್ನು ಶಾಶ್ವತವಾಗಿ ಕಳೆದುಕೊಳ್ಳಬಹುದು ಎಂಬುದು ವಿಮರ್ಶಕರ ಪ್ರಮುಖ ಆಕ್ಷೇಪ. ಬೋಧನಾ ವಿಧಾನಗಳ ಬಗ್ಗೆ ನೀಲ್ ಅವರು ಹೆಚ್ಚು ಆಸಕ್ತಿ ತೋರಲಿಲ್ಲ ಎಂಬುದನ್ನು ಅವರ ಅಭಿಮಾನಿಗಳೂ ಒಪ್ಪುತ್ತಾರೆ. ಶುಲ್ಕ ತೆತ್ತು ಓದುವ ಚಿಕ್ಕ ವಸತಿ ಶಾಲೆಯ ಅನುಭವವನ್ನು ಸಾವಿರಾರು ಮಕ್ಕಳಿರುವ ಸಾರ್ವಜನಿಕ ಶಾಲೆಗಳಿಗೆ ಅನ್ವಯಿಸಲಾಗದು ಎಂಬ ವಾದವೂ ಇದೆ. ಬಡವರ ಮಕ್ಕಳನ್ನು ಸೇರಿಸಿಕೊಳ್ಳಲಾಗದಿರುವುದು ತಮ್ಮ ಶಾಲೆಯ ಕೊರತೆಯೆಂದು ನೀಲ್ ಅವರೇ ವಿಷಾದಿಸಿದ್ದರು.

ನಂತರದ ಬೆಳವಣಿಗೆಗಳು

ನೀಲ್ ಅವರ ನಿಧನದ ನಂತರ ಈನಾ ಅವರು 1985ರವರೆಗೆ ಶಾಲೆಯನ್ನು ನಡೆಸಿದರು. ಬಳಿಕ ಮಗಳು ಜೋಯಿ ರೆಡ್‌ಹೆಡ್ ಮುಖ್ಯಸ್ಥರಾದರು. 1999ರಲ್ಲಿ ನಡೆದ ತನಿಖೆಯ ನಂತರ ಬ್ರಿಟನ್ನಿನ ಶಿಕ್ಷಣ ಇಲಾಖೆ ಶಾಲೆಗೆ ದೂರಿನ ನೋಟಿಸ್ ನೀಡಿತು. ತರಗತಿಗಳಿಗೆ ಹಾಜರಾತಿ ಐಚ್ಛಿಕವಾಗಿರುವುದು ಮುಖ್ಯ ಆಕ್ಷೇಪವಾಗಿತ್ತು. ಆದೇಶವನ್ನು ಒಪ್ಪಿದರೆ ನೀಲ್ ಅವರ ಮೂಲತತ್ತ್ವವೇ ಅಳಿಯುತ್ತಿತ್ತು, ಪಾಲಿಸದಿದ್ದರೆ ಶಾಲೆ ಮುಚ್ಚುವ ಸಂಭವವಿತ್ತು. ಶಾಲೆಯು ನ್ಯಾಯಮಂಡಳಿಗೆ ಮೇಲ್ಮನವಿ ಸಲ್ಲಿಸಿತು. 2000ದ ಮಾರ್ಚ್‌ನಲ್ಲಿ ಲಂಡನ್ನಿನ ರಾಯಲ್ ಕೋರ್ಟ್ಸ್ ಆಫ್ ಜಸ್ಟಿಸ್‌ನಲ್ಲಿ ವಿಚಾರಣೆ ಆರಂಭವಾದ ಕೆಲವೇ ದಿನಗಳಲ್ಲಿ ಸರ್ಕಾರದ ಪರ ವಕೀಲರು ರಾಜಿ ಸೂತ್ರವನ್ನು ಮುಂದಿಟ್ಟರು. ಅದನ್ನು ಒಪ್ಪಬೇಕೇ ಬೇಡವೇ ಎಂಬುದನ್ನು ವಿದ್ಯಾರ್ಥಿಗಳು ಅದೇ ನ್ಯಾಯಾಲಯದ ಕೊಠಡಿಯಲ್ಲಿ ಶಾಲಾ ಸಭೆ ಸೇರಿ, ಚರ್ಚಿಸಿ, ಮತ ಹಾಕಿ ನಿರ್ಧರಿಸಿದರು. ಐಚ್ಛಿಕ ಹಾಜರಾತಿ ಉಳಿಯಿತು. ಮುಂದಿನ ತನಿಖೆಗಳಲ್ಲಿ ವಿದ್ಯಾರ್ಥಿಗಳ ಅಭಿಪ್ರಾಯವನ್ನು ಪರಿಗಣಿಸಬೇಕೆಂಬ ಅಂಶವೂ ಒಪ್ಪಂದದಲ್ಲಿ ಸೇರಿತು.

ಪ್ರಭಾವ

ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 1968ರಲ್ಲಿ ಆರಂಭವಾದ ಸಡ್‌ಬರಿ ವ್ಯಾಲಿ ಶಾಲೆಯೂ ಶಾಲಾ ಸಭೆಯ ಪದ್ಧತಿಯನ್ನು ಅನುಸರಿಸುತ್ತದೆ. ಅಲ್ಲಿ ಸಿಬ್ಬಂದಿಯ ನೇಮಕ ಮತ್ತು ಆಯವ್ಯಯದಲ್ಲಿಯೂ ವಿದ್ಯಾರ್ಥಿಗಳಿಗೆ ಮತಾಧಿಕಾರವಿದ್ದು, ಈ ವಿಷಯದಲ್ಲಿ ಅದು ಸಮ್ಮರ್‌ಹಿಲ್‌ಗಿಂತ ಮುಂದೆ ಹೋಗಿದೆ. ಜಪಾನಿನಲ್ಲಿ ನೀಲ್ ಅವರ ಕೃತಿಗಳನ್ನು ಅನುವಾದಿಸಿದ ಶಿನಿಚಿರೊ ಹೋರಿ ಅವರು 1992ರಲ್ಲಿ ಕಿನೊಕುನಿ ಮಕ್ಕಳ ಗ್ರಾಮ ಎಂಬ ಶಾಲೆಯನ್ನು ತೆರೆದರು. ಬ್ರಿಟನ್ನಿನ ಸರ್ಕಾರಿ ಶಾಲೆಗಳಲ್ಲಿ ದೈಹಿಕ ಶಿಕ್ಷೆಯನ್ನು ನಿಷೇಧಿಸುವ ಕಾನೂನು 1986ರಲ್ಲಿ ಅಂಗೀಕಾರವಾಯಿತು. ನೀಲ್ ಅವರು ತಮ್ಮ ಶಾಲೆಯಲ್ಲಿ ಅದನ್ನು ಕೈಬಿಟ್ಟು ಆಗಲೇ ಅರವತ್ತು ವರ್ಷಗಳು ಕಳೆದಿದ್ದವು. ತಮಗೆ ಸಂಬಂಧಿಸಿದ ವಿಷಯಗಳಲ್ಲಿ ಅಭಿಪ್ರಾಯ ಹೇಳುವ ಮಕ್ಕಳ ಹಕ್ಕನ್ನು ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೆಯ ವಿಧಿ ಮಾನ್ಯ ಮಾಡಿದೆ. ಈ ವಿಧಿಯ ಪ್ರಕಾರ ಮಕ್ಕಳ ಅಭಿಪ್ರಾಯಕ್ಕೆ ವಯಸ್ಸು ಮತ್ತು ಪ್ರಬುದ್ಧತೆಗೆ ಅನುಗುಣವಾಗಿ ಮನ್ನಣೆ ನೀಡಬೇಕು. ಸಮ್ಮರ್‌ಹಿಲ್‌ನ ಸಭೆಯಲ್ಲಿ ವಯಸ್ಸಿನ ಭೇದವಿಲ್ಲದೆ ಎಲ್ಲರ ಮತಕ್ಕೂ ಸಮಾನ ಬೆಲೆಯಿದೆ.

ಪ್ರಮುಖ ಕೃತಿಗಳು

ಎ ಡಾಮಿನೀಸ್ ಲಾಗ್ (1915)
ಎ ಡಾಮಿನಿ ಡಿಸ್‌ಮಿಸ್ಡ್ (1917)
ದಿ ಪ್ರಾಬ್ಲಮ್ ಚೈಲ್ಡ್ (1926)
ದಿ ಪ್ರಾಬ್ಲಮ್ ಪೇರೆಂಟ್ (1932)
ದಟ್ ಡ್ರೆಡ್‌ಫುಲ್ ಸ್ಕೂಲ್ (1937)
ದಿ ಫ್ರೀ ಚೈಲ್ಡ್ (1953)
ಸಮ್ಮರ್‌ಹಿಲ್ (1960)
ಫ್ರೀಡಮ್ – ನಾಟ್ ಲೈಸೆನ್ಸ್! (1966)
ನೀಲ್! ನೀಲ್! ಆರೆಂಜ್ ಪೀಲ್! (1972)